ಹಗ್ಗ ಅಳಿಸುವ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಸಿನಿಮಾದಲ್ಲಿ ಹಗ್ಗ ಅಳಿಸುವವನು. ನಾಯಕ ಕೋಟೆಗೋಡೆಯಿಂದ ಧುಮುಕುವಾಗ ಅವನ ಸೊಂಟಕ್ಕೆ ಬಿಗಿದ ತಂತಿ ನಿಮಗೆ ಕಾಣುವುದಿಲ್ಲವಲ್ಲ, ಅದನ್ನು ಕಾಣದಂತೆ ಮಾಡುವವರಲ್ಲಿ ನಾನೂ ಒಬ್ಬ. ಹದಿನಾರು ವರ್ಷಗಳಿಂದ ಮುಂಬಯಿಯ ಅಂಧೇರಿ, ಗೋರೆಗಾಂವ್ ಕಡೆಯ ಸ್ಟುಡಿಯೋಗಳಲ್ಲಿ ಇದೇ ನನ್ನ ಕಸುಬು. ವಿಎಫ್‌ಎಕ್ಸ್, ಅಂದರೆ ಚಿತ್ರೀಕರಣದ ನಂತರ ಕಂಪ್ಯೂಟರಿನಲ್ಲಿ ಮಾಡುವ ದೃಶ್ಯದ ಕೈಚಳಕ, ಎಂದ ಕೂಡಲೇ ರಾಕ್ಷಸ, ಬೆಂಕಿ, ಕುಸಿಯುವ ಅರಮನೆ ನೆನಪಾಗುತ್ತವೆ. ಅವೂ ಇವೆ. ಆದರೆ ನನ್ನ ದಿನದ ಬಹುಪಾಲು ಕಳೆಯುವುದು ತಂತಿ, ಲೈಟ್ ಸ್ಟ್ಯಾಂಡಿನ ನೆರಳು, ಹಳೇ ಕಾಲದ ಕಥೆಯ ಹಿಂದೆ ಇಣುಕುವ ಮೊಬೈಲ್ ಟವರ್ ಇಂಥವನ್ನು ತೆಗೆಯುವುದರಲ್ಲಿ.

ಈ ಕೆಲಸವನ್ನು ನಾನು ಮೊದಲು ಕಂಡಿದ್ದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಚಿಕ್ಕಪ್ಪನ ಫೋಟೋ ಸ್ಟುಡಿಯೋದಲ್ಲಿ. ಕುಂದಾಪುರದಿಂದ ಬೇಸಿಗೆ ರಜೆಗೆ ಬಂದರೆ ನಾನು ಅಲ್ಲೇ ಕೂತಿರುತ್ತಿದ್ದೆ. ಇಳಿಜಾರಾದ ಒಂದು ಮರದ ಮೇಜು, ನಡುವೆ ಹಾಲುಬಣ್ಣದ ಗಾಜು, ಗಾಜಿನ ಹಿಂದೆ ಬಲ್ಬು. ಅದರ ಮೇಲೆ ದೊಡ್ಡ ಅಳತೆಯ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಚಿಕ್ಕಪ್ಪ ಮುಖದ ಸುಕ್ಕು ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಕಣ್ಣಿನ ಕೆಳಗಿನ ಕಪ್ಪು ಅಲ್ಲಿ ತೆಳ್ಳಗೆ, ಬೆಳಕು ದಾಟುವಷ್ಟು ತಿಳಿಯಾಗಿರುತ್ತದೆ. ಅಲ್ಲಿ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಗೊಳ್ಳುತ್ತದೆ. ಒಮ್ಮೆ ಬೇಡವಾದ ಒಂದು ನೆಗೆಟಿವ್ ಕೊಟ್ಟು ನನ್ನನ್ನೂ ಕೂರಿಸಿದರು. ಯಾರೋ ಅಜ್ಜಿಯ ಮುಖ. ಹುಮ್ಮಸ್ಸಿನಲ್ಲಿ ಒಂದು ಗೆರೆಯನ್ನೂ ಬಿಡದೆ ತುಂಬಿದೆ. ಪ್ರಿಂಟ್ ತೆಗೆದು ನೋಡಿದರೆ ಅಜ್ಜಿ ಎಲ್ಲೂ ಇರಲಿಲ್ಲ. "ಎಲ್ಲ ಅಳಿಸ್ಬೇಡ ಮಾಣಿ, ಅವ್ರ ಮುಖ ಅವ್ರದ್ದೇ ಇರ್ಲಿ" ಎಂದರು ಚಿಕ್ಕಪ್ಪ.

ಮುಂಬಯಿಯಲ್ಲಿ ಈ ವಿದ್ಯೆಯ ಬೇರು ಹಳೆಯದು. 1937ರಲ್ಲಿ ಬಾಬುಭಾಯಿ ಮಿಸ್ತ್ರಿಯವರು ಕಪ್ಪು ದಾರ ಕಟ್ಟಿ ಸಾಮಾನುಗಳನ್ನು ಆಡಿಸಿ, ಅವು ತಾವಾಗಿಯೇ ಚಲಿಸುವಂತೆ ತೆರೆಯ ಮೇಲೆ ತೋರಿಸಿದರು. ಅವರಿಗೆ 'ಕಾಲಾ ಧಾಗಾ' ಎಂದೇ ಹೆಸರು ಬಿತ್ತು. ಅಳಿಸಲು ಆಗ ಕಂಪ್ಯೂಟರ್ ಎಲ್ಲಿತ್ತು? ದಾರದ ಮೇಲೆ ಬೆಳಕು ಬೀಳದಂತೆ ನೋಡಿಕೊಳ್ಳಬೇಕಿತ್ತು, ಅಷ್ಟೇ ದಾರಿ. ಇನ್ನು ನಮ್ಮ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರನ್ನು ನೆನೆಯದೆ ಬೆಳಕಿನ ಮಾತೇ ಇಲ್ಲ. ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ತೆರೆಯ, ಚಿತ್ರ 'ಕಾಗಜ್ ಕೆ ಫೂಲ್', 1959ರದ್ದು. ಅದರಲ್ಲಿ ಕತ್ತಲ ಸ್ಟುಡಿಯೋದೊಳಗೆ ಕಂಬದಂತೆ ಇಳಿಯುವ ಆ ಬೆಳಕಿಗೆ ಮೂರ್ತಿಯವರು ಬಳಸಿದ್ದು ಕನ್ನಡಿಗಳನ್ನು. ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ಒಳಕ್ಕೆ ತಿರುಗಿಸಿದರು. ಛಾಯಾಗ್ರಾಹಕರೊಬ್ಬರಿಗೆ ಫಾಲ್ಕೆ ಪ್ರಶಸ್ತಿ ಬಂದಿದ್ದು ಅವರಿಂದಲೇ ಮೊದಲು, 2008ನೇ ಸಾಲಿನದು. ನಮ್ಮ ಸ್ಟುಡಿಯೋಗೆ ಹೊಸ ಹುಡುಗರು ಸೇರಿದಾಗ ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತೇನೆ. ಬೆಳಕು ಎಲ್ಲಿಂದ ಬಂತು, ಎಲ್ಲಿ ಕರಗಿತು ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ.

ಕೆಲ ವರ್ಷಗಳ ಹಿಂದಿನ ಒಂದು ಶಾಟ್‌ನ ಕಥೆ ಹೇಳುತ್ತೇನೆ. ವಸಾಯಿ ಕಡೆ ಒಂದು ಹಳೇ ಕಲ್ಲುಗೋಡೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿ ಗೋಡೆ ಇಳಿಯಬೇಕು. ಎಂಟು ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನಂತೆ 192 ಚಿತ್ರಗಳು. ಕಡಲಗಾಳಿಗೆ ಆಕೆಯ ಕೂದಲು ಹಾರುತ್ತಿತ್ತು, ತಂತಿ ಆ ಕೂದಲ ನಡುವೆಯೇ ಹಾದು ಕೆನ್ನೆಗೆ ಅಡ್ಡ ಬರುತ್ತಿತ್ತು. ಇಂಥ ಕಡೆ ತಂತಿ ಅಳಿಸಿದ ಜಾಗ ತುಂಬಲು, ನಟಿ ಪಕ್ಕಕ್ಕೆ ಸರಿದ ಮೇಲೆ ಬರೀ ಗೋಡೆಯನ್ನು ಅದೇ ಬೆಳಕಿನಲ್ಲಿ ಒಂದು ನಿಮಿಷ ಚಿತ್ರಿಸಿಕೊಳ್ಳಬೇಕು. ಇದಕ್ಕೆ ಕ್ಲೀನ್ ಪ್ಲೇಟ್ ಎನ್ನುತ್ತೇವೆ. ಅಂದು ಬಿಸಿಲು ಹೋಗುತ್ತಿದೆ ಎಂಬ ಗಡಿಬಿಡಿ. "ಪೋಸ್ಟ್‌ನಲ್ಲಿ ನೋಡಿಕೊಳ್ಳುತ್ತಾರೆ ಬಿಡಿ" ಎಂದು, ಅಂದರೆ ಶೂಟಿಂಗ್ ನಂತರದ ನಮ್ಮ ಕೆಲಸಕ್ಕೆ ಬಿಟ್ಟು, ಕ್ಲೀನ್ ಪ್ಲೇಟ್ ತೆಗೆಯದೆ ಪ್ಯಾಕಪ್ ಮಾಡಿದರು.

ನೋಡಿಕೊಂಡೆವು. ಮೂವರು, ಹನ್ನೊಂದು ದಿನ. ರೋಟೋ, ಅಂದರೆ ಆಕೃತಿಯ ಅಂಚು ಹಿಡಿದು ಫ್ರೇಮು ಫ್ರೇಮಿಗೂ ಗೆರೆ ಎಳೆಯುವ ಕೆಲಸ, ಮಾಡುವ ಹುಡುಗಿ ಆ ತಾಯಿಯ ತೋಳು, ಮುಂಗೈ, ಬೆರಳು ಒಂದೊಂದರ ಅಂಚನ್ನೂ ಬೇರೆ ಬೇರೆಯಾಗಿ ಗೆರೆ ಎಳೆದು ಬಿಡಿಸಿದಳು. ಗೋಡೆಯ ಕಲ್ಲನ್ನು ಹಿಂದುಮುಂದಿನ ಫ್ರೇಮುಗಳಿಂದ ಕಡ ತಂದು ತೇಪೆ ಹಾಕಿದೆವು. ನಡುವೆ ಒಂದು ಮೋಡ ಹಾದುಹೋಗಿದ್ದರಿಂದ ಕಲ್ಲಿನ ಬಣ್ಣ ಫ್ರೇಮಿಗೊಂದು ಥರ. ಕೂದಲಂತೂ ಎಳೆ ಎಳೆಯಾಗಿ ಬರೆದಿದ್ದು. ಎಲ್ಲ ಮುಗಿದು ಕಳಿಸುವ ಹಿಂದಿನ ರಾತ್ರಿ ಕೊನೆಯ ಸಲ ನೋಡುತ್ತಿದ್ದೆ. 140ನೇ ಫ್ರೇಮಿನ ಹತ್ತಿರ ಕಲ್ಲಿನ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಕಪ್ಪು ಗೆರೆ ಜಾರಿಹೋಯಿತು. ತಂತಿ ಹೋಗಿತ್ತು, ಅದರ ನೆರಳು ಗೋಡೆಯ ಮೇಲೇ ಉಳಿದಿತ್ತು. ಬೆಳಗಿನ ಜಾವದ ಮೊದಲ ಲೋಕಲ್ ಹಿಡಿದು ಮನೆಗೆ ಹೋದೆ.

ಆ ಚಿತ್ರದ ಕೊನೆಯ ಹೆಸರುಗಳಲ್ಲಿ ರೋಟೋ ಮಾಡಿದ ಆ ಹುಡುಗಿಯ ಹೆಸರಿರಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಅಳಿಸುವುದರಷ್ಟೇ ಕಷ್ಟದ್ದು ಸೇರಿಸುವುದು. ಕಂಪ್ಯೂಟರಿನಲ್ಲಿ ಮಾಡಿದ ಕಂಬ ತೀರಾ ಚೊಕ್ಕಟ. ಕ್ಯಾಮೆರಾ ಕಂಡ ಚಿತ್ರದಲ್ಲಿ ಸಣ್ಣ ಮರಳಿನಂತೆ ಕಾಳು ಇರುತ್ತದೆ, ಲೆನ್ಸ್ ಅಂಚಿನಲ್ಲಿ ನೇರ ಗೆರೆಯನ್ನು ತುಸು ಬಗ್ಗಿಸಿರುತ್ತದೆ, ಚಲಿಸುವ ಕೈ ಮಸುಕಾಗಿರುತ್ತದೆ. ಈ ಕೊರತೆಗಳನ್ನೆಲ್ಲ ಕಂಬಕ್ಕೂ ಕೊಡಬೇಕು. ಮುಂಬಯಿಯ ತೇವದ ಗಾಳಿಯಲ್ಲಿ ದೂರದ ಕಪ್ಪು ಎಂದೂ ಅಪ್ಪಟ ಕಪ್ಪಲ್ಲ, ಬೂದಿಗೆ ತಿರುಗಿರುತ್ತದೆ. ದೂರ ನಿಲ್ಲಿಸುವ ಕಂಬಕ್ಕೆ ಆ ಬೂದಿಯೂ ಬೇಕು. ಮಳೆಗಾಲದಲ್ಲಿ ಚಾಳುಗಳಿಗೆಲ್ಲ ನೀಲಿ ತಾಡಪತ್ರಿ ಹೊದಿಸುತ್ತಾರೆ. ಅದರಡಿ ನಿಂತವರ ಹಣೆಗೂ ಹೆಗಲಿಗೂ ತೆಳು ನೀಲಿ ಹತ್ತಿರುತ್ತದೆ. ಅವರ ಪಕ್ಕ ನಾವು ಸೇರಿಸಿದ ಮನುಷ್ಯನಿಗೆ ಆ ನೀಲಿ ಇಲ್ಲದಿದ್ದರೆ ಏನೋ ಸರಿಯಿಲ್ಲ ಎಂದು ನಿಮ್ಮ ಕಣ್ಣು ಹೇಳಿಬಿಡುತ್ತದೆ, ಏನೆಂದು ನಿಮಗೆ ತಿಳಿಯದಿದ್ದರೂ.

ಅದಕ್ಕೇ ಶೂಟಿಂಗಿಗೆ ಹೋಗುವಾಗ ನನ್ನ ಚೀಲದಲ್ಲಿ ಎರಡು ಚೆಂಡು ಇರುತ್ತವೆ. ಒಂದು ಕನ್ನಡಿಯಂತೆ ಹೊಳೆಯುವುದು, ಇನ್ನೊಂದು ಹೊಳಪಿಲ್ಲದ ಬೂದುಬಣ್ಣದ್ದು. ಶಾಟ್ ಮುಗಿದ ಕೂಡಲೇ ನಟರು ನಿಂತಿದ್ದ ಜಾಗದಲ್ಲಿ ಎರಡನ್ನೂ ಹಿಡಿದು ಚಿತ್ರ ತೆಗೆಸುತ್ತೇನೆ. ಹೊಳೆಯುವ ಚೆಂಡಿನಲ್ಲಿ ಯಾವ ದೀಪ ಎಲ್ಲಿದೆ ಎಂಬುದೆಲ್ಲ ಕಾಣುತ್ತದೆ. ಬೂದು ಚೆಂಡಿನಲ್ಲಿ ಆ ಬೆಳಕು ಮೃದುವೋ ಗಡುಸೋ, ಯಾವ ಬಣ್ಣದ್ದು ಎಂಬುದು. ಇದಕ್ಕೂ ಕ್ಲೀನ್ ಪ್ಲೇಟಿಗೂ ಸೇರಿ ಐದು ನಿಮಿಷ ಸಾಕು. ಸಿನಿಮಾ ಮಾಡಲು ಹೊರಟಿರುವ ತರುಣ ತರುಣಿಯರು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದೇ ಬೇಡಿಕೆ: ಸೆಟ್ಟಿನಲ್ಲಿ ಆ ಐದು ನಿಮಿಷ ಕೊಡಿ. ಎಲ್ಲೋ ಒಬ್ಬರ ಹನ್ನೊಂದು ರಾತ್ರಿಗಳು ಉಳಿಯುತ್ತವೆ.

ಚೆಂಡು ಇಲ್ಲದವರು ಅಡುಗೆಮನೆಗೆ ಹೋಗಿ. ಬೆಳಗಿದ ಸ್ಟೀಲ್ ಚೊಂಬು, ಪಕ್ಕದಲ್ಲಿ ಒಂದು ಕೋಳಿಮೊಟ್ಟೆ ಕಿಟಕಿಯ ಬಳಿ ಇಡಿ. ಚೊಂಬಿನ ಹೊಟ್ಟೆಯಲ್ಲಿ ಕಿಟಕಿ, ಟ್ಯೂಬ್‌ಲೈಟು, ನೀವೂ ಕಾಣುತ್ತೀರಿ. ಆಮೇಲೆ ಮೊಟ್ಟೆ ನೋಡಿ. ಬೆಳಕು ನೆರಳಾಗುವ ಅಂಚನ್ನು ಗಮನಿಸಿ, ಹಾಗೇ ಕೆಳಗೆ ಕಟ್ಟೆಯ ಬಣ್ಣ ಮೊಟ್ಟೆಯ ಅಡಿಗೆ ಎಷ್ಟು ಹತ್ತಿದೆ ಎಂಬುದನ್ನೂ. ಟ್ಯೂಬ್‌ಲೈಟ್ ಆರಿಸಿ ಮತ್ತೊಮ್ಮೆ ನೋಡಿ.

ನಮಸ್ಕಾರ.