ಜಿಮ್‌ನಲ್ಲಿ ಒಂದು ಗಂಟೆ, ಕುರ್ಚಿಯಲ್ಲಿ ಹತ್ತು ಗಂಟೆ

ಕೇಳುಗರಿಗೆ ನಮಸ್ಕಾರ. ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುಡುಗರ ಬಾಯಲ್ಲಿ ಪಿ.ಡಿ. ಸರ್.

ಮೊನ್ನೆ ಮೂರನೇ ವರ್ಷದ ಹುಡುಗನೊಬ್ಬನಿಂದ ಅವನ ಒಂದು ದಿನದ ಲೆಕ್ಕ ಬರೆಸಿದೆ. ಕ್ಲಾಸು, ಲ್ಯಾಬು ಆರು ಗಂಟೆ. ಮೆಸ್ಸು, ಕ್ಯಾಂಟೀನು ಒಂದೂವರೆ. ರಾತ್ರಿ ಹಾಸ್ಟೆಲ್ ಮಂಚದ ಮೇಲೆ ಲ್ಯಾಪ್‌ಟಾಪ್, ಮೊಬೈಲ್ ಗೇಮ್ ಮೂರು. ಒಟ್ಟು ಹತ್ತೂವರೆ ಗಂಟೆ ಕೂತೇ ಇದ್ದಾನೆ! "ಸಂಜೆ ಜಿಮ್‌ಗೆ ಹೋಗ್ತೀನಲ್ಲ ಸರ್" ಎಂದ.

ನಮ್ಮ ಹುಡುಗರಿಗೆ ವ್ಯಾಯಾಮ ಅಂದರೆ ಎದೆ, ತೋಳು. ಟೀಶರ್ಟಿನಲ್ಲಿ ಕಾಣುವಂಥದ್ದು. ನಡಿಗೆ ಅಂಕಲ್‌ಗಳ ಕೆಲಸ ಅಂದುಕೊಂಡಿದ್ದಾರೆ. ಹಾಸ್ಟೆಲಿನಿಂದ ಕ್ಲಾಸಿಗೂ ಬೈಕೇ ಬೇಕು.

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ನೌಕರರ ಬಗ್ಗೆ ಬರೆದರು. ಎಲ್ಲರೂ ಗಂಡಸರು, ಒಂದೇ ಬಸ್ಸಿನ ಕೆಲಸ. ಆದರೆ ದಿನವಿಡೀ ಕೂತ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಆ ಕಂಡಕ್ಟರ್‌ಗಳು ಡಂಬೆಲ್ ಎತ್ತಿ ಇದನ್ನು ಗಳಿಸಲಿಲ್ಲ. ಟಿಕೆಟ್ ಕೊಡುತ್ತಾ ಓಡಾಡಿದರು, ಅಷ್ಟೇ.

ಕೂತಾಗ ಕಾಲಿನ ದೊಡ್ಡ ಸ್ನಾಯುಗಳು ಸುಮ್ನೆ ಬಿದ್ದಿರುತ್ತವೆ. ಊಟದ ಸಕ್ಕರೆ, ಕೊಬ್ಬನ್ನು ರಕ್ತದಿಂದ ಎಳೆದುಕೊಳ್ಳುವ ಅವುಗಳ ಕೆಲಸ ನಿಧಾನವಾಗುತ್ತದೆ. ಮೀನಖಂಡ ಅದುಮಿ ರಕ್ತವನ್ನು ಮೇಲಕ್ಕೆ ತಳ್ಳುವುದೂ ಕಡಿಮೆ.

ಹಾಗಂತ ಆ ಹುಡುಗನ ಮಾತು ಪೂರ್ತಿ ತಪ್ಪಲ್ಲ. 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ ನೋಡಿದ 2016ರ ಅಧ್ಯಯನವೊಂದಿದೆ. ದಿನಕ್ಕೆ 60ರಿಂದ 75 ನಿಮಿಷ ಬಿರುಸಾಗಿ ನಡೆಯುವಷ್ಟು ಶ್ರಮ ಪಡುವವರಲ್ಲಿ, ಎಂಟು ಗಂಟೆಗಿಂತ ಜಾಸ್ತಿ ಕೂತರೂ, ಬೇಗ ಸಾಯುವ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಆದರೆ ಅದು ದಿನಾ ಆಗಬೇಕು. ನಮ್ಮಲ್ಲಿ ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗಿನ ಪರೀಕ್ಷೆ, ಬಂದರೆ ಮೊದಲು ನಿಲ್ಲುವುದೇ ಜಿಮ್ಮು. ಕೂರುವುದು ಮಾತ್ರ ದುಪ್ಪಟ್ಟು. ನನಗೆ ಸಂಕಟವಾಗುವುದು ಆ ತಿಂಗಳುಗಳನ್ನು ನೋಡಿ. ಇಪ್ಪತ್ತರ ಹುಡುಗರು ಸೊಂಟ ಹಿಡಿದುಕೊಂಡು ಬರುತ್ತಾರೆ.

ಅವನಿಗೆ ನಾನು ಹೊಸ ವರ್ಕೌಟ್ ಕೊಡಲಿಲ್ಲ. "ಫೋನ್ ಬಂದರೆ ಎದ್ದು ನಿಲ್ಲಪ್ಪಾ, ಮಾತು ಮುಗಿಯುವವರೆಗೆ ಓಡಾಡು" ಎಂದೆ. ಕಳೆದ ವಾರ ಸಿಕ್ಕಿದ್ದ. ಅವರಮ್ಮ ಫೋನಿನಲ್ಲಿ ಗಾಬರಿಯಾಗಿ ಕೇಳಿದರಂತೆ, "ಯಾಕೋ, ಏದುಸಿರು ಬಿಡ್ತಿದೀಯ?"

"ಏನಿಲ್ಲಮ್ಮ, ಮೂರನೇ ಮಹಡಿಗೆ ಮೆಟ್ಟಿಲು ಹತ್ತುತ್ತಿದ್ದೀನಿ" ಅಂದನಂತೆ.

ನಮಸ್ಕಾರ.