ಗುಡ್ಡ ಇಳಿದ ಊರು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ತುಂಬಾ ಜನ ಕವಲೇದುರ್ಗ ನೋಡಿರುತ್ತೀರಿ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಬೆಳಿಗ್ಗೆ ಹೊರಟು, ಗುಡ್ಡ ಹತ್ತಿ, ನಾಲ್ಕು ಫೋಟೋ ತೆಗೆದು ಮಧ್ಯಾಹ್ನದ ಊಟಕ್ಕೆ ವಾಪಸ್ ಬಂದಿರುತ್ತೀರಿ. ಇವತ್ತು ಅದೇ ದಾರಿಯಲ್ಲಿ ನಿಮ್ಮನ್ನು ಸ್ವಲ್ಪ ನಿಧಾನಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಎಲ್ಲರೂ ಅದನ್ನು ಕೋಟೆ ಅಂತ ನೋಡಿ ಬರುತ್ತೇವೆ. ಜನ ಸಂಸಾರ ಮಾಡಿದ ಜಾಗ ಅಂತ ನೋಡುವುದು ಕಡಿಮೆ.

ಕೆಳದಿ ಅರಸರ ಕಥೆ ನಿಮಗೆ ಗೊತ್ತು. ಕೆಳದಿ, ಇಕ್ಕೇರಿ, ಬಿದನೂರು ಅಂತ ರಾಜಧಾನಿ ಬದಲಾಯಿಸುತ್ತಾ ಬಂದವರು. ಅವರಲ್ಲಿ ವೆಂಕಟಪ್ಪ ನಾಯಕ ಈ ಗುಡ್ಡದ ಮೇಲೆ ಅರಮನೆ ಕಟ್ಟಿಸಿದ, ಮಠ, ಅಗ್ರಹಾರ ಮಾಡಿಸಿದ. ಭುವನಗಿರಿ ದುರ್ಗ ಅಂತಲೂ ಇದಕ್ಕೆ ಹೆಸರಿದೆ. ಅವನ ಕಾಲದಲ್ಲೇ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇಕ್ಕೇರಿಗೆ ಬಂದು, ಕಂಡದ್ದನ್ನೆಲ್ಲ ಬರೆದಿಟ್ಟ. ಅವನು ಬಂದದ್ದು ಪೋರ್ಚುಗೀಸರ ರಾಯಭಾರಿಯ ಜೊತೆ. ಪೋರ್ಚುಗೀಸರಿಗೆ ಬೇಕಾಗಿದ್ದದ್ದು ನಮ್ಮ ಕಾಳುಮೆಣಸು. ಮಲೆನಾಡಿನ ಮೆಣಸು ಘಟ್ಟ ಇಳಿದು ಕರಾವಳಿಯ ಬಂದರಿಗೆ ಹೋಗುತ್ತಿತ್ತು. ಈ ಕಾಡಿನಲ್ಲಿ ಇಷ್ಟೊಂದು ಕಲ್ಲು ಕೆಲಸ ಹೇಗೆ ಆಯಿತು ಅಂತ ಕೇಳುವವರು ಆ ಮೆಣಸಿನ ಬಳ್ಳಿಯನ್ನೂ ನೆನೆಯಬೇಕು.

ಈಗ ಗುಡ್ಡ ಹತ್ತೋಣ. ದಾರಿ ಶುರುವಾಗುವುದೇ ಗದ್ದೆಯಂಚಿನಿಂದ. ಆಮೇಲೆ ಕಲ್ಲು ಹಾಸಿದ ಹಾದಿ. ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುತ್ತದೆ, ಇಂಬಳವೂ ಜಾಸ್ತಿ. ಒಂದಾದ ಮೇಲೆ ಒಂದು ಹೆಬ್ಬಾಗಿಲು ಬರುತ್ತದೆ, ಅಕ್ಕಪಕ್ಕ ಕಾವಲಿನವರ ಕೋಣೆ. ಗೋಡೆಯ ಕಲ್ಲುಗಳನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಕೆಲವು ಕಲ್ಲು ಆಳೆತ್ತರಕ್ಕಿಂತ ಉದ್ದ ಇವೆ. ಗುಡ್ಡ ಎಲ್ಲಿ ಬಾಗಿದೆಯೋ ಗೋಡೆಯೂ ಅಲ್ಲೇ ಬಾಗಿದೆ. ಹುಟ್ಟುಬಂಡೆ ಎಲ್ಲಿ ಮುಗಿಯಿತು, ಕಟ್ಟಿದ ಗೋಡೆ ಎಲ್ಲಿ ಶುರುವಾಯಿತು ಅಂತ ಕೆಲವು ಕಡೆ ಹುಡುಕಬೇಕು.

ಮೇಲೆ ಕಾಶಿ ವಿಶ್ವನಾಥ ದೇವಸ್ಥಾನ ಇದೆ, ಎದುರಿಗೆ ಎತ್ತರದ ಎರಡು ಕಂಬ. ಎಲ್ಲರೂ ಅಲ್ಲಿ ನಿಂತೇ ನಿಲ್ಲುತ್ತಾರೆ. ನನಗೆ ಇಷ್ಟವಾದ ಜಾಗ ಅರಮನೆ. ಅರಮನೆ ಅಂದರೆ ಈಗ ಉಳಿದಿರುವುದು ಬರೀ ಅಡಿಪಾಯ. ಪುರಾತತ್ವ ಇಲಾಖೆಯವರು ಅಗೆದು ಮೇಲೆ ತಂದದ್ದು. ಮರ, ಮಾಡು ಎಲ್ಲ ಹೋಗಿ, ಕಂಬ ನಿಲ್ಲಿಸುತ್ತಿದ್ದ ಕಲ್ಲು, ಜಗಲಿ, ಮೆಟ್ಟಿಲು ಉಳಿದಿವೆ. ಅಲ್ಲೇ ಒಂದು ಕಲ್ಲಿನ ಒಲೆ ಇದೆ, ಐದು ಬಾಯಿಯದು. ಹತ್ತಿರದಲ್ಲೇ ಬಚ್ಚಲು, ನೀರು ಹೊರಗೆ ಹೋಗಲು ಕಲ್ಲಿನಲ್ಲೇ ಕೊರೆದ ದಾರಿ.

ಹೋದ ಕಾರ್ತಿಕದಲ್ಲಿ ಅಣ್ಣನ ಮಗಳು ನನ್ನ ಜೊತೆ ಬಂದಿದ್ದಳು. ಏಳನೇ ಕ್ಲಾಸು. ಆ ಒಲೆಯ ಸುತ್ತ ಎರಡು ಸುತ್ತು ಬಂದಳು. "ಚಿಕ್ಕಪ್ಪ, ಐದು ಬಾಯಿಗೂ ಬೆಂಕಿ ಹಾಕಿದ್ರೆ ಕಟ್ಟಿಗೆ ಎಷ್ಟು ಬೇಕು? ಯಾರು ತರ್ತಿದ್ರು?" ಅಂತ ಕೇಳಿದಳು. ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಬಂಡೆಯ ಮೇಲೆ ಭತ್ತ ಬೆಳೆಯುವುದಿಲ್ಲ ಅಲ್ವಾ. ಅಕ್ಕಿ, ಉಪ್ಪು, ಎಣ್ಣೆ, ಕಟ್ಟಿಗೆ, ಎಲೆ ಅಡಿಕೆ, ಎಲ್ಲ ಕೆಳಗಿನಿಂದಲೇ ಹತ್ತಬೇಕು. ನಾವು ಕಷ್ಟಪಟ್ಟು ಹತ್ತಿದ ಅದೇ ಹಾದಿಯಲ್ಲಿ, ಆ ಎಲ್ಲ ಬಾಗಿಲು ದಾಟಿ, ಯಾರದೋ ತಲೆಯ ಮೇಲೆ. ಆಮೇಲೆ ಕೆಳಗೆ ಇಳಿಯುವಾಗ ಆ ಹಾಸುಗಲ್ಲು ನನಗೆ ಬೇರೆಯೇ ಕಾಣಿಸಿತು. ಅರಸರ ಹೆಸರು ಪುಸ್ತಕದಲ್ಲಿದೆ. ಹೊರೆ ಹೊತ್ತವರು ಉಳಿಸಿಹೋದದ್ದು ನುಣ್ಣಗೆ ಸವೆದ ಆ ಕಲ್ಲು.

ನೀರನ್ನು ಮಾತ್ರ ಹೊತ್ತು ತರಬೇಕಿರಲಿಲ್ಲ. ಮಲೆನಾಡಿನಲ್ಲಿ ಮಳೆಗೆ ಬರವಿಲ್ಲ. ಆದರೆ ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಹರಿದು ಹೋಗುತ್ತದೆ. ಆಷಾಢದಲ್ಲಿ ಧೋ ಅಂತ ಸುರಿದ ಜಾಗದಲ್ಲೇ ಬೇಸಿಗೆಗೆ ಗಂಟಲು ಒಣಗುತ್ತದೆ. ಕಟ್ಟಿದವರು ಬಂಡೆಯ ಈ ಗುಣವನ್ನೇ ಉಪಯೋಗಕ್ಕೆ ತಂದುಕೊಂಡರು. ನೀರು ಇಂಗದ ಕಲ್ಲು ಅಂದರೆ ಸೋರದ ಪಾತ್ರೆ. ತಗ್ಗು ನೋಡಿ ಕೊಳ ಮಾಡಿದರು, ಕಲ್ಲು ಕಟ್ಟಿದರು. ಗುಡ್ಡದ ಬುಡದಲ್ಲಿ ತಿಮ್ಮಣ್ಣ ನಾಯಕನ ಕೆರೆ ಇದೆ. ಬಿಸಿಲ ಕಾಲದಲ್ಲಿ ಹೋದವರು ಮೇಲಿನ ಕೊಳದ ಪಕ್ಕ ಸುಮ್ನೆ ಹತ್ತು ನಿಮಿಷ ಕೂತು ನೋಡಿ. ಫಿರಂಗಿಗಿಂತ ಈ ನೀರೇ ಆ ಕೋಟೆಯನ್ನು ಉಳಿಸಿದ್ದು ಅಂತ ನನಗೆ ಅನ್ನಿಸುತ್ತದೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಕೆಳದಿಯವರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆದರೆ ಕವಲೇದುರ್ಗದ ಹೆಸರು ಕೂಡಲೇ ಅಳಿಸಿ ಹೋಗಲಿಲ್ಲ. ಈಗಿನ ತೀರ್ಥಹಳ್ಳಿ ತಾಲ್ಲೂಕನ್ನು 19ನೇ ಶತಮಾನದಲ್ಲಿ ಕರೆಯುತ್ತಿದ್ದದ್ದು ಕವಲೇದುರ್ಗ ತಾಲ್ಲೂಕು ಅಂತಲೇ. ಅರಸರಿಲ್ಲದ ಮೇಲೆ ಯಾರು ತಾನೇ ಗುಡ್ಡ ಹತ್ತುತ್ತಾರೆ? ಕಚೇರಿ, ಸಂತೆ, ರಸ್ತೆ ಎಲ್ಲ ತುಂಗೆಯ ದಡಕ್ಕೆ ಹೋದವು, ಹೆಸರೂ ಅವುಗಳ ಹಿಂದೆ ಹೋಯಿತು.

ಇದನ್ನು ಹಾಳೂರು ಅಂತ ಬರೆಯುವವರನ್ನು ನಾನು ಒಪ್ಪುವುದಿಲ್ಲ. ಗುಡ್ಡದ ಕೆಳಗೆ ಈಗಲೂ ಮನೆಗಳಿವೆ, ಮಠ ಇದೆ, ಗದ್ದೆ ಇದೆ. ಆ ಊರು ಗುಡ್ಡ ಇಳಿದು ಬಂದಿದೆ, ಅಷ್ಟೇ. ನೀವು ಕೋಟೆಗೆ ಹೋಗುವಾಗ ತುಳಿಯುವ ಅಂಚು ಅಲ್ಲಿನ ಯಾರದೋ ಗದ್ದೆಯದು. ನಾಟಿ ಸಮಯದಲ್ಲಿ ಹೋದರೆ ಅಂಚಿನ ಮಣ್ಣು ಹಸಿ ಇರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಗದ್ದೆಯವರು ಎದುರಾದರೆ ನಿಂತು ಮಾತಾಡಿಸಿ, ಆಮೇಲೆ ಗುಡ್ಡ ಹತ್ತಿ.