ಮುಂದಿನ ಪಂದ್ಯ ಯಾವಾಗ?

ವೇದಿಕೆಯ ಮೇಲಿರುವ ಪ್ರಾಚಾರ್ಯರೇ, ಕ್ರೀಡಾ ಸಮಿತಿಯ ಹಿರಿಯರೇ, ಕಲಬುರಗಿಯ ಈ ಬಿಸಿಲಿನಲ್ಲಿಯೂ ಸಭಾಂಗಣ ತುಂಬಿಸಿ ಕುಳಿತಿರುವ ನನ್ನ ವಿದ್ಯಾರ್ಥಿನಿಯರೇ,

ನಿಮ್ಮ ಕಾಲೇಜಿನ ಮೊದಲ ಫುಟ್‌ಬಾಲ್ ತಂಡಕ್ಕೆ ಜೆರ್ಸಿ ಹಂಚುವ ಈ ಸಮಾರಂಭಕ್ಕೆ ನಿವೃತ್ತ ಪಿ.ಟಿ. ಟೀಚರೊಬ್ಬಳನ್ನು ಕರೆದು ಕೈಗೆ ಮೈಕು ಕೊಟ್ಟಿರುವುದು ನಿಮ್ಮ ಧೈರ್ಯ. ಸೀಟಿ ಊದಿ ಅಭ್ಯಾಸವಿರುವವರಿಗೆ ಮೈಕು ಸಿಕ್ಕರೆ ಏನಾಗುತ್ತದೆ ಎಂಬುದು ಹಿಂದಿನ ಸಾಲಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ಗೊತ್ತಿದೆ. ಆಹ್ವಾನ ಪತ್ರಿಕೆಯಲ್ಲಿ ವಿಷಯ ‘ಭಾರತದ ಮಹಿಳಾ ಫುಟ್‌ಬಾಲ್ ತಂಡದ ಆರಂಭದ ದಿನಗಳು’ ಎಂದಿದೆ. ಅದನ್ನೇ ಹೇಳುತ್ತೇನೆ. ಆದರೆ ಜೆರ್ಸಿ ಹಂಚುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು, ಅದನ್ನು ಮೊದಲು ಕೇಳಿಬಿಡುತ್ತೇನೆ: ಈ ತಂಡದ ಮುಂದಿನ ಪಂದ್ಯ ಯಾವಾಗ?

ನನ್ನ ಮಟ್ಟಿಗೆ ತಂಡ ಎಂದರೆ ಇಷ್ಟೇ. ಜೆರ್ಸಿ, ಬೂಟು, ತರಬೇತುದಾರರು, ಉದ್ಘಾಟನೆಯ ರಿಬ್ಬನ್ನು ಎಲ್ಲವೂ ಇದ್ದು ಮುಂದಿನ ಪಂದ್ಯದ ದಿನಾಂಕ ಇಲ್ಲದಿದ್ದರೆ ಅದು ಗ್ರೂಪ್ ಫೋಟೋ, ತಂಡವಲ್ಲ.

ಈ ಮಾತು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು ಎಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ಅದೇ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್ ಅವರ ಕೈಯಲ್ಲಿ ಪಳಗಿದ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ದೇಶದ ಹೆಸರಾಂತ ಪಂದ್ಯಾವಳಿ ರೋವರ್ಸ್ ಕಪ್ ಗೆದ್ದಿತು. ಅವರ ತರಬೇತಿಯಲ್ಲಿಯೇ ಭಾರತದ ಪುರುಷರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಮೂಲತಃ ಶಾಲೆಯ ಮಾಸ್ತರರಾಗಿದ್ದ ರಹೀಮ್ ಸಾಹೇಬರು ಪಾಠವನ್ನೂ ಪಂದ್ಯದ ರೂಪದಲ್ಲಿಯೇ ಕಲಿಸಿದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವ ಚಟ ಬಿಡಿಸಲು ಡ್ರಿಬಲ್ ಮಾಡಬಾರದೆಂಬ ಟೂರ್ನಿ, ಎಡಗಾಲು ಪಳಗಲೆಂದು ದುರ್ಬಲ ಕಾಲಿನಲ್ಲಿ ಮಾತ್ರ ಆಡಬೇಕೆಂಬ ಟೂರ್ನಿ ಹೀಗೆ ನಡೆಸಿದವರು ಅವರು. ಭಾಷಣದಿಂದ ಎಡಗಾಲು ಪಳಗುವುದಿಲ್ಲ ಎಂದು ಅವರಿಗೆ ತಿಳಿದಿತ್ತು. (ಭಾಷಣ ಮಾಡುತ್ತಲೇ ಇದನ್ನು ಹೇಳುತ್ತಿದ್ದೇನೆ, ಕ್ಷಮಿಸಿ.)

ಗಂಡಸರ ಆಟ ಇಷ್ಟೆಲ್ಲ ಕಂಡ ದೇಶದಲ್ಲಿ ಹೆಣ್ಣುಮಕ್ಕಳ ತಂಡಕ್ಕೊಂದು ಸಂಸ್ಥೆ ಬಂದದ್ದು 1975ರಲ್ಲಿ. ಅದೂ ದೇಶದ ಫುಟ್‌ಬಾಲ್ ನಡೆಸುತ್ತಿದ್ದ ಎಐಎಫ್‌ಎಫ್ ಒಳಗೆ ಅಲ್ಲ, ಹೊರಗೆ. ಭಾರತೀಯ ಮಹಿಳಾ ಫುಟ್‌ಬಾಲ್ ಫೆಡರೇಷನ್ ಎಂಬ ಬೇರೆಯೇ ಸಂಸ್ಥೆಯೊಂದು ಹುಟ್ಟಿ, ಏಷ್ಯಾ ಮಟ್ಟದಲ್ಲಿ ಮಹಿಳೆಯರಿಗಾಗಿಯೇ ಇದ್ದ ಏಷ್ಯನ್ ಲೇಡೀಸ್ ಫುಟ್‌ಬಾಲ್ ಕಾನ್ಫೆಡರೇಷನ್ ಜೊತೆ ನಂಟು ಬೆಳೆಸಿಕೊಂಡಿತು. ಅದೇ ವರ್ಷ ಲಖನೌದಲ್ಲಿ ರಾಜ್ಯಗಳ ನಡುವೆ ಮೊದಲ ಪಂದ್ಯಾವಳಿ ನಡೆಯಿತು. ಭಾರತ ತಂಡದ ಮೊದಲ ತರಬೇತುದಾರರೆಂದು ದಾಖಲಾಗಿರುವ ಸುಶೀಲ್ ಭಟ್ಟಾಚಾರ್ಯ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮೊದಲ ತರಬೇತುದಾರರೂ ಹೌದು. ಅಂಥ ದೊಡ್ಡ ಕ್ಲಬ್ ಕಂಡವರು ಹೆಣ್ಣುಮಕ್ಕಳ ಮೈದಾನಕ್ಕೆ ಇಳಿದರಲ್ಲ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನಮ್ಮ ಕಡೆ ಆಗ ಪಿ.ಟಿ. ಮಾಸ್ತರರು ಹುಡುಗರಿಗೆ ಚೆಂಡು ಕೊಟ್ಟು ಹುಡುಗಿಯರಿಗೆ ಸ್ಕಿಪ್ಪಿಂಗ್ ಹಗ್ಗ ಕೊಡುತ್ತಿದ್ದರು.

ಸಂಸ್ಥೆ ಹೊರಗಿನದು, ಕೈಯಲ್ಲಿ ಕಾಸಿಲ್ಲ. ಆದರೂ ಆ ತಂಡ ಏನು ಮಾಡಿತು ನೋಡಿ. 1980ರ ಜನವರಿಯಲ್ಲಿ ಕೇರಳದ ಕ್ಯಾಲಿಕಟ್‌ನಲ್ಲಿ ಏಷ್ಯಾದ ಮಹಿಳಾ ಚಾಂಪಿಯನ್‌ಷಿಪ್ ನಡೆಯಿತು. ದಾಖಲೆಗಳಲ್ಲಿ ಅದು 1979ರ ಆವೃತ್ತಿ; ನಮ್ಮ ವಿಶ್ವವಿದ್ಯಾಲಯದ ಪರೀಕ್ಷೆಯ ಹಾಗೆ ಮುಂದಿನ ವರ್ಷಕ್ಕೆ ಜಾರಿತ್ತು. ಆತಿಥೇಯ ಭಾರತ ಒಂದಲ್ಲ, ಎರಡು ತಂಡಗಳನ್ನು ಇಳಿಸಿತು, ‘ಇಂಡಿಯಾ ಎಸ್’ ಮತ್ತು ‘ಇಂಡಿಯಾ ಎನ್’. ಹಾಂಗ್‌ಕಾಂಗ್ ಬಂದಿತ್ತು, ಆಸ್ಟ್ರೇಲಿಯಾದಿಂದ ವೆಸ್ಟರ್ನ್ ಆಸ್ಟ್ರೇಲಿಯಾ ತಂಡ ಬಂದಿತ್ತು. ಇಂಡಿಯಾ ಎಸ್ ತಂಡ ಫೈನಲ್ ಮುಟ್ಟಿ ತೈವಾನ್ ಎದುರು 2–0ರಿಂದ ಸೋತಿತು. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಥಾಯ್ಲೆಂಡ್ ಎದುರು 3–0 ಸೋಲು. ಆ ಪೀಳಿಗೆಯ ನಾಯಕಿ, ಬಂಗಾಳದ ಶಾಂತಿ ಮಲ್ಲಿಕ್, ಅದೇ 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿಯಾದರು.

ನಾಲ್ಕು ವರ್ಷದೊಳಗೆ ಏಷ್ಯಾದ ಎರಡು ಫೈನಲ್, ಒಂದು ಮೂರನೇ ಸ್ಥಾನ! ಆಗ ಏಷ್ಯಾದಲ್ಲಿ ತಂಡಗಳೇ ಕಡಿಮೆ ಇದ್ದವಲ್ಲ ಎಂದು ವಾದಿಸುವವರು ಇದ್ದಾರೆ. ಚೀನಾ ಇನ್ನೂ ಕಣಕ್ಕೆ ಇಳಿದಿರಲಿಲ್ಲ ಎನ್ನುವುದೂ ನಿಜ. ಒಪ್ಪುತ್ತೇನೆ. ಹಾಗಿದ್ದರೂ ಗಾಡಿ ಹೊರಟಾಗ ನಾವು ಅದರೊಳಗೆ ಕಿಟಕಿಯ ಪಕ್ಕದಲ್ಲಿಯೇ ಕುಳಿತಿದ್ದೆವು. ಆಮೇಲೆ ನಡುದಾರಿಯಲ್ಲಿ ಇಳಿದದ್ದು ಏಕೆ?

1983ರ ಫೈನಲ್ ಆದ ಮೇಲೆ ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಮತ್ತೆ ಆಡಿದ್ದು 1995ರಲ್ಲಿ. 1986, 1989, 1991, 1993, ನಾಲ್ಕು ಆವೃತ್ತಿಗಳಲ್ಲಿ ನಮ್ಮ ಹೆಸರೇ ಇಲ್ಲ. 1986ರಲ್ಲಿ ಲೇಡೀಸ್ ಕಾನ್ಫೆಡರೇಷನ್ ಏಷ್ಯಾದ ಮುಖ್ಯ ಫುಟ್‌ಬಾಲ್ ಸಂಸ್ಥೆಯಾದ ಎಎಫ್‌ಸಿಯಲ್ಲಿ ಲೀನವಾಯಿತು. ಎಎಫ್‌ಸಿಯ ಬಾಗಿಲಲ್ಲಿ ಚೀಟಿ ತೋರಿಸಬೇಕಾದದ್ದು ಎಐಎಫ್‌ಎಫ್, ಆಟಗಾರ್ತಿಯರು ಇದ್ದದ್ದು ಇನ್ನೊಂದು ಸಂಸ್ಥೆಯ ಕೈಯಲ್ಲಿ. ಹೆಣ್ಣುಮಕ್ಕಳಿಗೆ ಕಾಲು ಸೋತಿರಲಿಲ್ಲ, ಉಸಿರು ಸೋತಿರಲಿಲ್ಲ. ಕಚೇರಿಗಳ ನಡುವಿನ ಕಾಗದ ಸೋತಿತ್ತು ಎನ್ನುವುದು ನನ್ನ ತಿಳುವಳಿಕೆ. ಆ ಹನ್ನೆರಡು ವರ್ಷಗಳಲ್ಲಿ ಜಗತ್ತು ಸುಮ್ಮನೆ ನಿಲ್ಲಲಿಲ್ಲ. 1991ರಲ್ಲಿ ಚೀನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆಯಿತು. ಕ್ಯಾಲಿಕಟ್‌ನಲ್ಲಿ ನಮ್ಮನ್ನು ಕೇವಲ ಎರಡು ಗೋಲಿನಿಂದ ಸೋಲಿಸಿದ್ದ ಅದೇ ತೈವಾನ್ ಅಲ್ಲಿ ಕ್ವಾರ್ಟರ್ ಫೈನಲ್ ಆಡಿತು. ನಮ್ಮವರು ಮನೆಯಲ್ಲಿದ್ದರು.

ಇಲ್ಲಿ ನನ್ನದೊಂದು ಕಥೆ ಹೇಳಲೇಬೇಕು. ಇದನ್ನು ಮೊದಲೇ ಕೇಳಿದವರು ಈ ಅವಧಿಯಲ್ಲಿ ನೀರು ಕುಡಿದು ಬರಬಹುದು.

1989. ಆಗಿನ ಗುಲ್ಬರ್ಗ ಜಿಲ್ಲೆಯ ಚಿತ್ತಾಪುರದ ಕಡೆಯ ಒಂದು ಶಾಲೆಯಲ್ಲಿ ನಾನು ಹೊಸದಾಗಿ ನೌಕರಿಗೆ ಸೇರಿದ್ದೆ. ಹನ್ನೆರಡು ಹುಡುಗಿಯರನ್ನು ಕೂಡಿಸಿ ಫುಟ್‌ಬಾಲ್ ತಂಡ ಕಟ್ಟಿದೆ. ಮೈದಾನವೆಂದರೆ ಎರೆ ಹೊಲದ ಅಂಚು. ಬೇಸಿಗೆಯಲ್ಲಿ ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಬಿರುಕು. ಒಂದು ಮಳೆ ಬಿದ್ದರೆ ಚೆಂಡಿಗೆ ಎರೆ ಮಣ್ಣು ಮೆತ್ತಿಕೊಂಡು ಅದು ಕುಂಬಳಕಾಯಿಯಷ್ಟು ಭಾರ. ಚರ್ಮದ ಚೆಂಡು, ಒಳಗೆ ಬ್ಲಾಡರ್, ಗಾಳಿ ಹಾಕಿಸಲು ಸೈಕಲ್ ಅಂಗಡಿ. ಗೋಲು ಕಂಬಗಳ ಬದಲು ಎರಡು ಫರಸಿ ಕಲ್ಲು. ಹುಡುಗಿಯರು ಲಂಗದ ಕೆಳಗೆ ಅಣ್ಣಂದಿರ ಪೈಜಾಮ ತೊಟ್ಟು ಬರುತ್ತಿದ್ದರು, ಪೈಜಾಮದ ಲಾಡಿ ಬಿಚ್ಚಿ ಆಟ ನಿಲ್ಲುವುದು ದಿನಕ್ಕೆ ಎರಡು ಸಲವಾದರೂ ಇತ್ತು. ನಾಲ್ಕು ಜನಕ್ಕೆ ಕ್ಯಾನ್ವಾಸ್ ಬೂಟು, ಉಳಿದವರಿಗೆ ಬರಿಗಾಲು. ನಾಲ್ಕು ತಿಂಗಳು ಹೀಗೆಯೇ ತಾಲೀಮು ಮಾಡಿದೆವು.

ಜಿಲ್ಲಾ ಮಟ್ಟಕ್ಕೆ ಬಾಲಕಿಯರ ಫುಟ್‌ಬಾಲಿನಲ್ಲಿ ಹೆಸರು ಕೊಟ್ಟ ಶಾಲೆಗಳು ಎರಡೇ. ಅಂದರೆ ಮೊದಲ ಪಂದ್ಯವೇ ಫೈನಲ್. ಬೆಳಗಿನ ಜಾವದ ಕೆಂಪು ಬಸ್ಸಿನಲ್ಲಿ ಹೊರಟೆವು. ನಮ್ಮ ಬ್ಯಾಕ್ ಆಡುವ ಹುಡುಗಿಯ ತಾಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದ ಗಂಟು ನೋಡಿ ನನಗೆ ಗಾಬರಿಯಾಯಿತು, ಇಡೀ ಮದುವೆಯ ದಿಬ್ಬಣಕ್ಕೆ ಆಗುವಷ್ಟಿತ್ತು. ಕೇಳಿದರೆ ಆ ತಾಯಿ, “ಎದುರಿನ ಹುಡುಗ್ಯಾರೂ ಊರಿಂದ ಊರಿಗಿ ಬಂದಿರ್ತಾರಲ್ರೀ ಟೀಚರ, ಅವ್ರಿಗೂ ಹಸಿವ್ ಆಗ್ತದ” ಎಂದರು. ಎದುರಾಳಿ ತಂಡಕ್ಕೆ ಬುತ್ತಿ ಕಟ್ಟಿ ಕಳಿಸಿದ ಫುಟ್‌ಬಾಲ್ ಸಂಪ್ರದಾಯ ಬೇರೆ ಯಾವ ದೇಶದಲ್ಲಿದೆಯೋ ತಿಳಿಯದು.

ಮೈದಾನದಲ್ಲಿ ಸುಣ್ಣ ಹಾಕಿದ್ದರು. ನಿಜವಾದ ಗೋಲು ಕಂಬಗಳನ್ನು ನಮ್ಮ ಹುಡುಗಿಯರು ಮುಟ್ಟಿ ಮುಟ್ಟಿ ನೋಡಿದರು. ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು, ಎದುರಿನ ತಂಡ ಬರಲಿಲ್ಲ. ಕೊನೆಗೆ ರೆಫರಿ ನಮ್ಮ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ವಾಕ್‌ಓವರ್ ಎಂದು ಘೋಷಿಸಿದರು. ನಮ್ಮ ಸೆಂಟರ್ ಫಾರ್ವರ್ಡ್ ಹುಡುಗಿಗೆ ಅದು ತಿಳಿಯಲಿಲ್ಲ. ಸೀಟಿ ಕೇಳಿದ್ದೇ ತಡ, ಚೆಂಡು ತೆಗೆದುಕೊಂಡು ಖಾಲಿ ಮೈದಾನದಲ್ಲಿ ಒಬ್ಬಳೇ ಓಡಿ ಖಾಲಿ ಗೋಲಿಗೆ ಹೊಡೆದು ಕೈ ಎತ್ತಿ ತಿರುಗಿದಳು. ರೆಫರಿ ಮೆಲ್ಲಗೆ, “ಇದು ಲೆಕ್ಕಕ್ಕಿಲ್ಲ, ತಂಗಿ” ಎಂದರು. ಕಪ್ ಕೊಟ್ಟರು, ಪ್ರಮಾಣಪತ್ರ ಕೊಟ್ಟರು. ಹೆಚ್ಚಿನ ರೊಟ್ಟಿಯನ್ನು ರೆಫರಿ ಮತ್ತು ಸುಣ್ಣ ಹಾಕಿದವರು ಉಂಡರು.

ಆ ವರ್ಷ ವಿಭಾಗ ಮಟ್ಟದಲ್ಲಿ ಬಾಲಕಿಯರ ಫುಟ್‌ಬಾಲ್ ಇರುವುದಿಲ್ಲವೆಂದು ವಾರದ ಮೇಲೆ ಕಾಗದ ಬಂತು. ಮರು ವರ್ಷಕ್ಕೆ ಐವರು ಶಾಲೆ ಬಿಟ್ಟಿದ್ದರು, ಇಬ್ಬರ ಲಗ್ನವಾಗಿತ್ತು. ಜಿಲ್ಲಾ ಚಾಂಪಿಯನ್ ಆದ ನನ್ನ ಹನ್ನೆರಡು ಹುಡುಗಿಯರು ಜೀವನದಲ್ಲಿ ಒಂದೂ ಪಂದ್ಯ ಆಡಲಿಲ್ಲ. ಕಪ್ ಹಿಡಿದು ಊರಿಗೆ ಹೋದ ದಿನ ಆ ಸೆಂಟರ್ ಫಾರ್ವರ್ಡ್ ಹುಡುಗಿಯ ಆಯಿ ಕಟ್ಟೆಯ ಮೇಲೆ ಕುಂತು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: “ಆಡಲ್ದೆ ಗೆದ್ದೀರಂದ್ರ, ಸೋತವ್ರು ಯಾರವ್ವ?” ಮೂವತ್ತು ವರ್ಷ ಮೀರಿತು, ನನಗೆ ಉತ್ತರ ಸಿಕ್ಕಿಲ್ಲ.

ನಮ್ಮ ಚಿತ್ತಾಪುರದ ಹುಡುಗಿಯರು ಕಾದು ನಿಂತಿದ್ದ ಅದೇ ಕಾಲದಲ್ಲಿ ದೇಶದ ತಂಡವೂ ಕಾದು ನಿಂತಿತ್ತು. ಸಮಾಜ ಬಿಡಲಿಲ್ಲ, ಮನೆಯವರು ಬಿಡಲಿಲ್ಲ ಎಂದು ನಾವು ಬಹಳ ಸಲೀಸಾಗಿ ಹೇಳುತ್ತೇವೆ. ನನ್ನ ಹುಡುಗಿಯರ ಮನೆಯವರು ಬುತ್ತಿ ಕಟ್ಟಿ ಕಳಿಸಿದ್ದರು! ಬರದೇ ಇದ್ದದ್ದು ಪಂದ್ಯ. ಇಂಗ್ಲೆಂಡಿನ ಕಥೆಯೂ ಇದೇ. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಹೆಣ್ಣುಮಕ್ಕಳ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನದಲ್ಲಿ ಮಹಿಳೆಯರು ಆಡಕೂಡದೆಂದು ನಿಷೇಧ ಹಾಕಿತು. ಅವರು ಯಾವ ಆಟಗಾರ್ತಿಯ ಕಾಲನ್ನೂ ಕಟ್ಟಲಿಲ್ಲ, ಮೈದಾನ ಕಿತ್ತುಕೊಂಡರು. ಐವತ್ತು ವರ್ಷಕ್ಕೆ ಅಷ್ಟೇ ಸಾಕಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನ ಕೈಯಲ್ಲಿ ಇನ್ನೂ ನಾಲ್ಕು ಪುಟ ಇದೆ, ಓಡಿಸಿಬಿಡುತ್ತೇನೆ.

1990ರ ದಶಕದ ಆರಂಭದಲ್ಲಿ ಎಐಎಫ್‌ಎಫ್ ಮಹಿಳಾ ಫುಟ್‌ಬಾಲನ್ನು ತನ್ನ ತೆಕ್ಕೆಗೆ ತೆಗೆದುಕೊಂಡು ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭಿಸಿತು. ಬಂಗಾಳದ ಕಾಲ ಮುಗಿದು ಮಣಿಪುರದ ಕಾಲ ಬಂತು. ಆ ರಾಜ್ಯ ಇಪ್ಪತ್ತಕ್ಕೂ ಹೆಚ್ಚು ಸಲ ಆ ಪ್ರಶಸ್ತಿ ಗೆದ್ದಿದೆ. ಚಿಕ್ಕವಳಿದ್ದಾಗ ಹುಡುಗರ ಜೊತೆ ಆಡಲು ಹುಡುಗನ ಹೆಸರು ಹೇಳಿಕೊಳ್ಳುತ್ತಿದ್ದ ಮಣಿಪುರದ ಓಯ್ನಂ ಬೆಂಬೆಂ ದೇವಿ 1995ರಲ್ಲಿ, ಹದಿನೈದರ ಹರೆಯದಲ್ಲಿ, ಭಾರತಕ್ಕೆ ಆಡಿದರು. ಅವರಿಗೆ ಅರ್ಜುನ ಪ್ರಶಸ್ತಿ ಬಂದದ್ದು 2017ರಲ್ಲಿ. ಶಾಂತಿ ಮಲ್ಲಿಕ್ ಅವರಿಗೂ ಇವರಿಗೂ ನಡುವೆ ಮೂವತ್ತನಾಲ್ಕು ವರ್ಷ, ಒಬ್ಬ ಆಟಗಾರ್ತಿಯ ಹೆಸರೂ ಇಲ್ಲ.

ಹನ್ನೆರಡು ವರ್ಷದ ಬಾಕಿಗೆ ಬಡ್ಡಿ ಕಟ್ಟಿದ್ದು 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ, ಚೀನಾ ಎದುರು 16–0 ಸೋಲು. ಮುಂದಿನ ವರ್ಷ ಅದೇ ಚೀನಾ ವಿಶ್ವಕಪ್ ಫೈನಲ್ ಆಡಿತು ಎಂಬುದನ್ನೂ ಸೇರಿಸಿ ಹೇಳಬೇಕು. 2009ರಲ್ಲಿ ಇನ್ನೂ ಕೆಟ್ಟದ್ದಾಯಿತು. ಹದಿನೆಂಟು ತಿಂಗಳು ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದ ಕಾರಣ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದ ಭಾರತದ ಹೆಸರೇ ಬಿತ್ತು. ಸೋತದ್ದಕ್ಕಲ್ಲ, ಆಡದ್ದಕ್ಕೆ! ನಾನು ಮುಕ್ಕಾಲು ಗಂಟೆಯಿಂದ ಹೇಳುತ್ತಿರುವುದನ್ನು ಫಿಫಾದವರು ಒಂದೇ ಸಾಲಿನಲ್ಲಿ ಹೇಳಿದ್ದರು. ಮರು ವರ್ಷ ಪಂದ್ಯಗಳು ಸಿಕ್ಕವು. 2010ರಲ್ಲಿ ಢಾಕಾದಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ, ಕಾಕ್ಸ್ ಬಜಾರ್‌ನಲ್ಲಿ ದಕ್ಷಿಣ ಏಷ್ಯಾ ದೇಶಗಳ ಮೊದಲ ಮಹಿಳಾ ಸ್ಯಾಫ್ ಚಾಂಪಿಯನ್‌ಷಿಪ್, ಅಲ್ಲಿ ಭೂತಾನ್ ಎದುರು 18–0 ಗೆಲುವು. ಅದೂ ಸೇರಿ 2019ರವರೆಗೆ ಐದೂ ಸ್ಯಾಫ್ ಪ್ರಶಸ್ತಿಗಳು ನಮ್ಮವೇ. ಮಹಿಳೆಯರ ಲೀಗ್, ವಿದೇಶದ ಕ್ಲಬ್ಬುಗಳಿಗೆ ಹೋದ ಬಾಲಾ ದೇವಿ, ಮನೀಷಾ ಕಲ್ಯಾಣ್ ಇವರ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಚೀಲದಲ್ಲಿಯೇ ಇರಲಿ.

ಒಂದು ದಿನಾಂಕ ಮಾತ್ರ ಬಿಡಲಾರೆ. 2025ರ ಜುಲೈ 5, ಥಾಯ್ಲೆಂಡಿನ ಚಿಯಾಂಗ್ ಮಾಯ್. 1983ರ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ ದೇಶ, ಅದರದೇ ನೆಲ. ಸಂಗೀತಾ ಬಾಸ್‌ಫೋರ್ ಹೊಡೆದ ಎರಡು ಗೋಲಿನಿಂದ ಭಾರತ 2–1ರಲ್ಲಿ ಗೆದ್ದು, ಮೊಟ್ಟಮೊದಲ ಬಾರಿಗೆ ಅರ್ಹತಾ ಸುತ್ತು ಆಡಿ ಏಷ್ಯಾ ಕಪ್ (ಅದೇ ಹಳೆಯ ಏಷ್ಯಾ ಚಾಂಪಿಯನ್‌ಷಿಪ್‌ನ ಈಗಿನ ಹೆಸರು) ಪ್ರವೇಶಿಸಿತು. ಸಂಗೀತಾ ಬಂಗಾಳದವರು, ಶಾಂತಿ ಮಲ್ಲಿಕ್ ಅವರ ನಾಡಿನವರು. ಆ ರಾತ್ರಿ ನಾನು ಮೊಬೈಲಿನ ಚಿಕ್ಕ ಪರದೆಯಲ್ಲಿ ಸ್ಕೋರು ನೋಡಿ, ನನ್ನ ಹಳೆಯ ಸೆಂಟರ್ ಫಾರ್ವರ್ಡ್‌ಗೆ ಫೋನ್ ಮಾಡಿದೆ. ಅವಳೀಗ ಎರಡು ಮೊಮ್ಮಕ್ಕಳ ಆಯಿ. “ಎದುರಿನವ್ರು ಬಂದಿದ್ರೇನ್ರಿ ಟೀಚರ?” ಎಂದು ಕೇಳಿ ನಕ್ಕಳು.

ನಾನು ಇಳಿಯುವ ಮೊದಲು ಪ್ರಾಚಾರ್ಯರಲ್ಲಿ ಒಂದು ವಿನಂತಿ. ಬೀದರಿನ ಒಂದು ಮಹಿಳಾ ಕಾಲೇಜಿನ ಕ್ರೀಡಾ ಶಿಕ್ಷಕಿಯ ಜೊತೆ ಮೊನ್ನೆ ಮಾತಾಡಿದ್ದೇನೆ, ಅವರ ಹುಡುಗಿಯರು ಇಲ್ಲಿಗೆ ಬಂದು ಆಡಲು ತಯಾರಿದ್ದಾರೆ. ಪತ್ರ ಬರೆದು ತಂದಿದ್ದೇನೆ, ದಿನಾಂಕದ ಜಾಗ ಖಾಲಿ ಬಿಟ್ಟಿದ್ದೇನೆ. ಪೆನ್ನು ನನ್ನ ಹತ್ತಿರ ಇದೆ. ರೊಟ್ಟಿಯ ವ್ಯವಸ್ಥೆ ನನ್ನದು, ಎರಡೂ ತಂಡಗಳಿಗೆ.